ನೇರಳೆ ಮರ: ಸಾಂಪ್ರದಾಯಿಕ ಔಷಧೀಯ ಉಪಯೋಗಗಳು ಮತ್ತು ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ನೇರಳೆಯು ರಾಜ್ಯದ ಬಹುತೇಕ ಎಲ್ಲ ಜಿಲ್ಲೆಗಳಲ್ಲಿ ಕಂಡುಬರುವ ಹಣ್ಣಿನ ಮರವಾಗಿದೆ. ಹಳ್ಳದ ದಂಡೆ, ಕೆರೆಯ ಏರಿ, ಹೊಲದ ಬದು, ಶಾಲೆಯ ಆವರಣ ಹಾಗೂ ರಸ್ತೆಯ ಬದಿಗಳಲ್ಲಿ ಈ ಮರವು ಯಾವುದೇ ವಿಶೇಷ ಆರೈಕೆಯಿಲ್ಲದೆ ಬೆಳೆಯುತ್ತದೆ. ಇದರ ಹಣ್ಣು, ಬೀಜ, ತೊಗಟೆ ಮತ್ತು ಎಲೆ ಈ ನಾಲ್ಕು ಭಾಗಗಳೂ ಆಯುರ್ವೇದ, ಯುನಾನಿ ಹಾಗೂ ಸಿದ್ಧ ವೈದ್ಯ ಪದ್ಧತಿಗಳಲ್ಲಿಯೂ ಮನೆಮದ್ದಿನಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿವೆ.

ಇತ್ತೀಚಿನ ದಶಕಗಳಲ್ಲಿ ನೇರಳೆಯ ಹೆಸರು ವಿಶೇಷವಾಗಿ ಮಧುಮೇಹದೊಂದಿಗೆ, ಅಂದರೆ ಸಕ್ಕರೆ ಕಾಯಿಲೆಯೊಂದಿಗೆ, ಸೇರಿಕೊಂಡಿದೆ. ಬೀಜದ ಪುಡಿಯೊಂದರಿಂದಲೇ ಈ ಕಾಯಿಲೆ ವಾಸಿಯಾಗುವುದೆಂದು ನಂಬಿ, ವೈದ್ಯರು ಬರೆದುಕೊಟ್ಟ ಮಾತ್ರೆ ಅಥವಾ ಇನ್ಸುಲಿನ್ ಚುಚ್ಚುಮದ್ದನ್ನು ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುತ್ತದೆ. ಆದುದರಿಂದ ನೇರಳೆಯ ಯಾವ ಭಾಗವನ್ನು ಯಾವ ತೊಂದರೆಗೆ ಬಳಸಲಾಗುತ್ತದೆ, ಆ ಬಳಕೆಯ ಮಿತಿ ಯಾವುದು ಮತ್ತು ಯಾವ ಸಂದರ್ಭದಲ್ಲಿ ವೈದ್ಯರನ್ನು ಕಾಣಲೇಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

2. ಮರದ ಪರಿಚಯ

ಸಸ್ಯಶಾಸ್ತ್ರೀಯ ಹೆಸರು: ಸೈಜೀಜಿಯಂ ಕ್ಯುಮಿನೈ. ಹಳೆಯ ಗ್ರಂಥಗಳಲ್ಲಿ ಯುಜೀನಿಯಾ ಜಂಬೊಲಾನಾ ಎಂಬ ಹೆಸರೂ ಕಂಡುಬರುತ್ತದೆ.
ಕುಟುಂಬ: ಮಿರ್ಟೇಸಿ. ಪೇರಲೆ, ನೀಲಗಿರಿ ಮತ್ತು ಲವಂಗ ಇದೇ ಕುಟುಂಬಕ್ಕೆ ಸೇರಿವೆ.
ಸಂಸ್ಕೃತ: ಜಂಬೂ. ಹಿಂದಿ: ಜಾಮುನ್. ತೆಲುಗು: ನೇರೇಡು. ತಮಿಳು: ನಾವಲ್. ಮಲಯಾಳಂ: ಞಾವಲ್. ಮರಾಠಿ: ಜಾಂಭೂಳ.

ನೇರಳೆಯು ನಿತ್ಯಹರಿದ್ವರ್ಣದ ಮರವಾಗಿದ್ದು, ಅನುಕೂಲಕರ ಸ್ಥಳದಲ್ಲಿ 30 ಮೀಟರ್‌ವರೆಗೂ ಬೆಳೆಯಬಲ್ಲದು. ಎಲೆಯು ನುಣುಪಾಗಿ ಹೊಳೆಯುತ್ತದೆ. ಹಿಸುಕಿದರೆ ಒಂದು ಬಗೆಯ ಖಾರವಾದ ಸುವಾಸನೆ ಬರುತ್ತದೆ. ಸಾಮಾನ್ಯವಾಗಿ ಮಾರ್ಚ್‌ನಿಂದ ಮೇ ತಿಂಗಳಿನವರೆಗೆ ಹೂ ಬಿಟ್ಟು, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಣ್ಣಾಗುತ್ತದೆ. ಕಾಯಿ ಮೊದಲು ಹಸಿರಾಗಿದ್ದು, ಬಳಿಕ ಕೆಂಪು ಬಣ್ಣಕ್ಕೆ ತಿರುಗಿ, ಪೂರ್ಣ ಮಾಗಿದಾಗ ಕಡುನೇರಳೆ ಅಥವಾ ಕಪ್ಪು ಬಣ್ಣ ತಾಳುತ್ತದೆ. ನಾಲಿಗೆಗೆ ಬಣ್ಣ ಹಿಡಿಸುವ ವಸ್ತು ಆಂಥೋಸಯಾನಿನ್ ಎಂಬ ಸಸ್ಯವರ್ಣವಾಗಿದೆ. ಮರವು ನೀರಿನಲ್ಲಿ ಬೇಗನೆ ಕೊಳೆಯದ ಗುಣವನ್ನು ಹೊಂದಿದೆ.

3. ಹೆಸರಿನಲ್ಲಿ ಹೋಲುವ ಇತರ ಗಿಡಮರಗಳು

ಔಷಧಕ್ಕಾಗಿ ಎಲೆ ಅಥವಾ ತೊಗಟೆಯನ್ನು ಸಂಗ್ರಹಿಸುವವರು ಈ ಕೆಳಗಿನ ಹೆಸರುಗಳ ಬಗ್ಗೆ ಎಚ್ಚರ ವಹಿಸತಕ್ಕದ್ದು.

ಅ) ಹಿಪ್ಪುನೇರಳೆ: ಇದು ರೇಷ್ಮೆ ಹುಳುವಿಗೆ ಮೇವಾಗಿ ಬೆಳೆಸುವ ಗಿಡ. ಹೆಸರಿನಲ್ಲಿ ನೇರಳೆ ಎಂಬ ಪದವಿದ್ದರೂ ಇದು ಸಂಪೂರ್ಣವಾಗಿ ಬೇರೆ ಕುಟುಂಬಕ್ಕೆ ಸೇರಿದ್ದಾಗಿದೆ.
ಆ) ಪನ್ನೇರಳೆ: ತಿಳಿ ಹಳದಿ ಬಣ್ಣದ, ಗುಲಾಬಿಯ ಪರಿಮಳವುಳ್ಳ ಹಣ್ಣು ಬಿಡುವ ಮರ. ನೇರಳೆಯ ಹತ್ತಿರದ ಸಂಬಂಧಿಯಾದರೂ ಔಷಧ ಗ್ರಂಥಗಳಲ್ಲಿ ಹೇಳಿರುವ ಬೀಜ ಇದರದ್ದಲ್ಲ.
ಇ) ಕುಂಟುನೇರಳೆ: ಸಣ್ಣ ಹಣ್ಣು ಬಿಡುವ ಕುಳ್ಳ ಮರ. ಇದು ಸಹ ಬೇರೆಯದೇ ಪ್ರಭೇದವಾಗಿದೆ.

ಮರದ ಗುರುತು ಖಚಿತವಿಲ್ಲದಿದ್ದಲ್ಲಿ ಅದರ ಯಾವುದೇ ಭಾಗವನ್ನು ಔಷಧವಾಗಿ ಬಳಸಬಾರದು.

4. ಪ್ರಾಚೀನ ವೈದ್ಯಗ್ರಂಥಗಳಲ್ಲಿ ನೇರಳೆ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧ ದ್ರವ್ಯಗಳನ್ನು ಅವುಗಳ ಕಾರ್ಯಕ್ಕೆ ಅನುಗುಣವಾಗಿ ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸಲಾಗಿದೆ. ಅವುಗಳ ಪೈಕಿ ನೇರಳೆಯು ಮೂರು ಗುಂಪುಗಳಲ್ಲಿ ಸ್ಥಾನ ಪಡೆದಿದೆ:

ಅ) ಛರ್ದಿನಿಗ್ರಹಣ, ಅಂದರೆ ವಾಂತಿಯನ್ನು ತಡೆಯುವ ದ್ರವ್ಯಗಳು.
ಆ) ಪುರೀಷವಿರಜನೀಯ, ಅಂದರೆ ಮಲದ ಬಣ್ಣವನ್ನು ಸಹಜ ಸ್ಥಿತಿಗೆ ತರುವ ದ್ರವ್ಯಗಳು.
ಇ) ಮೂತ್ರಸಂಗ್ರಹಣೀಯ, ಅಂದರೆ ಮೂತ್ರದ ಪ್ರಮಾಣವನ್ನು ತಗ್ಗಿಸುವ ದ್ರವ್ಯಗಳು. ಮಾವು, ಆಲ, ಅತ್ತಿ ಮತ್ತು ಅರಳಿ ಮರಗಳೂ ಈ ಗುಂಪಿನಲ್ಲಿವೆ.

ಸುಶ್ರುತಸಂಹಿತೆಯಲ್ಲಿ ನೇರಳೆಯನ್ನು ನ್ಯಗ್ರೋಧಾದಿ ಗಣದಲ್ಲಿ ಸೇರಿಸಲಾಗಿದೆ. ಸ್ತ್ರೀಯರ ಅಧಿಕ ರಕ್ತಸ್ರಾವದಲ್ಲಿ ವೈದ್ಯರು ನೀಡುವ ಪುಷ್ಯಾನುಗ ಚೂರ್ಣದಲ್ಲಿ ನೇರಳೆ ಬೀಜದ ತಿರುಳು ಒಂದು ಘಟಕವಾಗಿದೆ. ಭಾರತ ಸರ್ಕಾರವು ಹೊರತಂದಿರುವ ಆಯುರ್ವೇದಿಕ್ ಫಾರ್ಮಕೋಪಿಯಾದಲ್ಲಿಯೂ ನೇರಳೆ ಸೇರಿದ್ದು, ಬೀಜದ ಪುಡಿಯ ಪ್ರಮಾಣವನ್ನು 3 ರಿಂದ 6 ಗ್ರಾಂ ಎಂದು ನಮೂದಿಸಲಾಗಿದೆ. ಯುನಾನಿ ಪದ್ಧತಿಯಲ್ಲಿ ಹಣ್ಣಿನಿಂದ ಹುಳಿ ದ್ರಾವಣವನ್ನು ತಯಾರಿಸಿ ಜೀರ್ಣಕ್ಕೆ ಬಳಸುವ ರೂಢಿಯಿದೆ. ಹೋಮಿಯೋಪತಿಯಲ್ಲಿಯೂ ಸೈಜೀಜಿಯಂ ಜಂಬೊಲಾನಂ ಎಂಬ ಹೆಸರಿನಲ್ಲಿ ಇದರ ಔಷಧವಿದೆ.

ಹೊಗಳಿಕೆಯೊಂದಿಗೆ ಎಚ್ಚರಿಕೆಯನ್ನೂ ಪ್ರಾಚೀನರು ನೀಡಿದ್ದಾರೆ ಎಂಬುದನ್ನು ಗಮನಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ 25ನೇ ಅಧ್ಯಾಯದಲ್ಲಿ, ವಾತವನ್ನು ಉಂಟುಮಾಡುವ ಪದಾರ್ಥಗಳಲ್ಲಿ ನೇರಳೆ ಹಣ್ಣಿಗೆ ಮೊದಲ ಸ್ಥಾನ ನೀಡಲಾಗಿದೆ. ಬರಿಹೊಟ್ಟೆಯಲ್ಲಿ ನೇರಳೆ ತಿನ್ನಬಾರದು, ಉಪ್ಪು ಸವರಿ ತಿನ್ನಬೇಕು ಎಂದು ಮನೆಯ ಹಿರಿಯರು ಹೇಳುವ ಮಾತು ಈ ತಿಳಿವಳಿಕೆಗೆ ಹೊಂದಿಕೆಯಾಗುತ್ತದೆ.

5. ಒಗರು ಗುಣ ಕಾರ್ಯನಿರ್ವಹಿಸುವ ರೀತಿ

ನೇರಳೆಯ ಹೆಚ್ಚಿನ ಸಾಂಪ್ರದಾಯಿಕ ಉಪಯೋಗಗಳಿಗೆ ಅದರ ಒಗರು ರುಚಿಯೇ ಆಧಾರವಾಗಿದೆ. ಈ ರುಚಿಗೆ ಕಾರಣ ಟ್ಯಾನಿನ್ ಎಂಬ ವಸ್ತು. ಅದು ತೊಗಟೆಯಲ್ಲಿಯೂ ಬೀಜದಲ್ಲಿಯೂ ಹೇರಳವಾಗಿದೆ. ಟ್ಯಾನಿನ್ ಪ್ರೋಟೀನ್‌ಗಳೊಂದಿಗೆ ಬಂಧ ಏರ್ಪಡಿಸಿಕೊಂಡು ಒಳಪದರವನ್ನು ಬಿಗಿಗೊಳಿಸುತ್ತದೆ. ಹಣ್ಣು ತಿಂದಾಗ ಬಾಯಿ ಜಿಗುಟಿ ಹಿಡಿದಂತಾಗುವುದು ಇದೇ ಕಾರಣದಿಂದ. ಕರುಳಿನಲ್ಲಿ ಇದೇ ಕ್ರಿಯೆಯಿಂದ ಸ್ರಾವ ತಗ್ಗುತ್ತದೆ. ವಸಡಿನಲ್ಲಿ ರಕ್ತ ಜಿನುಗುವುದು ಕಡಿಮೆಯಾಗುತ್ತದೆ. ಆಯುರ್ವೇದವು ಈ ಗುಣವನ್ನು ಗ್ರಾಹಿ, ಸ್ತಂಭನ ಎಂಬ ಪದಗಳಿಂದ ಸೂಚಿಸುತ್ತದೆ. ಮಲಬದ್ಧತೆಯುಳ್ಳವರಿಗೆ ನೇರಳೆ ಹಿತವಲ್ಲವೆನ್ನುವುದಕ್ಕೂ ಇದೇ ಗುಣ ಕಾರಣವಾಗಿದೆ.

6. ಭಾಗವಾರು ಸಾಂಪ್ರದಾಯಿಕ ಉಪಯೋಗಗಳು

6.1 ಹಣ್ಣು

ಮಾಗಿದ ಹಣ್ಣನ್ನು ಊಟದ ನಂತರ ಮಿತವಾಗಿ ಸೇವಿಸುವುದು ಜೀರ್ಣಕ್ಕೆ ಹಿತವೆಂದು ಪರಿಗಣಿಸಲಾಗಿದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 60 ಕಿಲೋ ಕ್ಯಾಲೊರಿ ಶಕ್ತಿ ಹಾಗೂ ಸುಮಾರು 15 ಗ್ರಾಂ ಶರ್ಕರಪಿಷ್ಟ ಇರುತ್ತವೆ. ಆದಕಾರಣ ಮಧುಮೇಹಿಗಳು ಇತರ ಹಣ್ಣುಗಳಂತೆ ಇದನ್ನೂ ಲೆಕ್ಕವಿಟ್ಟು ತಿನ್ನಬೇಕು. ಸಕ್ಕರೆ ಬೆರೆಸಿದ ನೇರಳೆ ಶರಬತ್ತು ಮಧುಮೇಹಿಗಳಿಗೆ ಸೂಕ್ತವಲ್ಲ.

ನೇರಳೆ ಹಣ್ಣಿನಿಂದ ರಕ್ತ ವೃದ್ಧಿಯಾಗುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ಹಣ್ಣಿನ ಕಡುಬಣ್ಣ ಕಬ್ಬಿಣಾಂಶದ ಸೂಚನೆಯಲ್ಲ. ಅದರಲ್ಲಿ ಕಬ್ಬಿಣಾಂಶ ಅಲ್ಪ ಪ್ರಮಾಣದಲ್ಲಿದೆ. ರಕ್ತಹೀನತೆಯುಳ್ಳ ಗರ್ಭಿಣಿಯರು ಹಾಗೂ ಹದಿಹರೆಯದ ಹೆಣ್ಣುಮಕ್ಕಳು ಆರೋಗ್ಯ ಕೇಂದ್ರದಲ್ಲಿ ನೀಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡತಕ್ಕದ್ದಲ್ಲ. ಹೊಟ್ಟೆಗೆ ಸೇರಿದ ಕೂದಲನ್ನು ನೇರಳೆ ಹಣ್ಣು ಕರಗಿಸುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತಿನ್ನಬೇಕೆಂಬ ನಂಬಿಕೆಯೂ ಜನಜನಿತವಾಗಿದೆ. ವರ್ಷಕ್ಕೊಮ್ಮೆ ಋತುವಿನ ಹಣ್ಣು ತಿನ್ನುವುದು ಒಳ್ಳೆಯ ಅಭ್ಯಾಸವೇ ಆಗಿದೆ. ಕೂದಲು ಕರಗುತ್ತದೆಂಬುದಕ್ಕೆ ಮಾತ್ರ ಆಧಾರವಿಲ್ಲ.

6.2 ಬೀಜ

ಒಣಗಿಸಿದ ಬೀಜದ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಭೇದಿಗೆ ಕೊಡುವುದು ಮನೆಮದ್ದಿನ ಪದ್ಧತಿ. ಬೀಜದಲ್ಲಿ ಗ್ಯಾಲಿಕ್ ಆಮ್ಲ, ಎಲಾಜಿಕ್ ಆಮ್ಲ ಮತ್ತು ಜಾಂಬೋಲಿನ್ ಎಂದು ಕರೆಯಲಾಗುವ ವಸ್ತುಗಳು ಇರುವುದಾಗಿ ವರದಿಯಾಗಿದೆ. ಮಧುಮೇಹದಲ್ಲಿ ಇದರ ಬಳಕೆಯನ್ನು ಕಂಡಿಕೆ 7ರಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

6.3 ತೊಗಟೆ

ತೊಗಟೆಯ ಕಷಾಯವನ್ನು ಬಾಯಿಹುಣ್ಣು, ವಸಡಿನ ಊತ ಹಾಗೂ ಗಂಟಲು ಕೆರೆತದಲ್ಲಿ ಬಾಯಿ ಮುಕ್ಕಳಿಸಲು ಬಳಸಲಾಗುತ್ತದೆ. ನೇರಳೆಯ ಉಪಯೋಗಗಳಲ್ಲಿ ಇದು ಸರಳವೂ ಅಪಾಯ ಕಡಿಮೆಯಿರುವುದೂ ಆಗಿದೆ. ಏಕೆಂದರೆ ಕಷಾಯವನ್ನು ನುಂಗದೆ ಉಗುಳಲಾಗುತ್ತದೆ. ಆದಾಗ್ಯೂ ಎರಡು ವಾರಗಳಾದರೂ ಮಾಯದ ಬಾಯಿಹುಣ್ಣನ್ನು, ವಿಶೇಷವಾಗಿ ಎಲೆಅಡಿಕೆ, ತಂಬಾಕು ಅಥವಾ ಗುಟ್ಕಾ ಸೇವಿಸುವವರಲ್ಲಿ, ಕೂಡಲೇ ವೈದ್ಯರಿಗೆ ತೋರಿಸಬೇಕು. ಅದು ಬಾಯಿಯ ಕ್ಯಾನ್ಸರ್‌ನ ಆರಂಭವಾಗಿರಬಹುದು. ಮುಕ್ಕಳಿಸುವ ಕಷಾಯದ ಮೇಲೆ ಭರವಸೆಯಿಟ್ಟು ತಿಂಗಳುಗಳನ್ನು ಕಳೆಯಬಾರದು.

6.4 ಎಲೆ

ಮಾವು ಮತ್ತು ನೇರಳೆಯ ಚಿಗುರೆಲೆಗಳ ಕಷಾಯವನ್ನು ಆರಿಸಿ, ಜೇನು ಬೆರೆಸಿ ವಾಂತಿಗೆ ಕೊಡುವ ಕ್ರಮವು ಆಯುರ್ವೇದದಲ್ಲಿದೆ. ಒಂದು ವರ್ಷದೊಳಗಿನ ಶಿಶುಗಳಿಗೆ ಯಾವುದೇ ರೂಪದಲ್ಲಿ ಜೇನು ಕೊಡಬಾರದು. ಎಲೆಯನ್ನು ಸುಟ್ಟ ಬೂದಿಯಿಂದ ಹಲ್ಲುಜ್ಜುವ ರೂಢಿಯೂ ಕೆಲವೆಡೆ ಇದೆ. ಒರಟಾದ ಬೂದಿಯಿಂದ ಹಲ್ಲಿನ ಮೇಲ್ಪದರ ಸವೆಯುವುದರಿಂದ ದಿನನಿತ್ಯದ ಬಳಕೆ ಸೂಕ್ತವಲ್ಲ.

6.5 ಭೇದಿಯ ಸಂದರ್ಭದಲ್ಲಿ ಪಾಲಿಸಬೇಕಾದ ಕ್ರಮ

ವಾಂತಿಭೇದಿಯಲ್ಲಿ ಪ್ರಾಣಾಪಾಯ ಒದಗುವುದು ಬಹುಮಟ್ಟಿಗೆ ದೇಹದ ನೀರು ಮತ್ತು ಲವಣಾಂಶದ ನಷ್ಟದಿಂದ. ನೇರಳೆಯ ಕಷಾಯವು ಮಲವನ್ನು ಗಟ್ಟಿಗೊಳಿಸಬಹುದೇ ಹೊರತು ಕಳೆದುಹೋದ ನೀರನ್ನು ಮರಳಿ ನೀಡಲಾರದು. ಆದುದರಿಂದ ಮೊದಲ ಕ್ರಮವೆಂದರೆ ಓ.ಆರ್.ಎಸ್. ದ್ರಾವಣ ಕುಡಿಸುವುದು. ಪೊಟ್ಟಣದ ಮೇಲೆ ತಿಳಿಸಿರುವಷ್ಟು ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು. ಮಕ್ಕಳಿಗೆ ಆರೋಗ್ಯ ಕಾರ್ಯಕರ್ತೆಯರು ನೀಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಬಳಿಕವೂ ಒಟ್ಟು 14 ದಿನ ಮುಂದುವರಿಸಬೇಕು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಪರು, ನೀರು ಕುಡಿಯಲಾಗದಿರುವುದು ಅಥವಾ ಮೂತ್ರ ನಿಂತಿರುವುದು ಕಂಡುಬಂದಲ್ಲಿ ಮನೆಮದ್ದನ್ನು ಬಿಟ್ಟು ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತು ವಾಹನಕ್ಕಾಗಿ 108 ಸಂಖ್ಯೆಗೆ ಕರೆ ಮಾಡಬಹುದು.

7. ಮಧುಮೇಹ ಮತ್ತು ನೇರಳೆ ಬೀಜ

7.1 ಬಳಕೆಯ ಹಿನ್ನೆಲೆ

ಪ್ರಾಚೀನ ವೈದ್ಯರು ಅತಿಮೂತ್ರದ ಕಾಯಿಲೆಗಳನ್ನು ಪ್ರಮೇಹ ಎಂಬ ಹೆಸರಿನಲ್ಲಿ ವರ್ಣಿಸಿ, ಅವುಗಳ ಪೈಕಿ ಮೂತ್ರವು ಸಿಹಿಯಾಗುವ ಬಗೆಯನ್ನೂ ಗುರುತಿಸಿದ್ದರು. ಮೂತ್ರವನ್ನು ತಗ್ಗಿಸುವ ದ್ರವ್ಯವೆಂದು ಹೆಸರಾದ ನೇರಳೆಯನ್ನು ಈ ಕಾಯಿಲೆಯಲ್ಲಿ ಬಳಸಿದ್ದು ಸಹಜವೇ ಆಗಿತ್ತು. 19ನೇ ಶತಮಾನದಲ್ಲಿ ನೇರಳೆ ಬೀಜವು ಯುರೋಪಿನ ಔಷಧ ಮಾರುಕಟ್ಟೆಯನ್ನೂ ತಲುಪಿ, ಅಲ್ಲಿನ ವೈದ್ಯರೂ ಮಧುಮೇಹದಲ್ಲಿ ಅದನ್ನು ಪ್ರಯೋಗಿಸಿದರು. ಆ ಕಾಲದಲ್ಲಿ ಈ ಕಾಯಿಲೆಗೆ ಬೇರೆ ಪರಿಣಾಮಕಾರಿ ಔಷಧವಿರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕಂಡುಹಿಡಿದು, 1922ರಲ್ಲಿ ಮೊದಲ ರೋಗಿಗೆ ನೀಡಿದ ನಂತರ ಪರಿಸ್ಥಿತಿ ಬದಲಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಅರಿಯಬೇಕು. ಪ್ರಾಚೀನರು ಅಳೆಯಬಹುದಾಗಿದ್ದುದು ಮೂತ್ರವನ್ನು. ಇಂದು ಅಳೆಯುವುದು ರಕ್ತದಲ್ಲಿನ ಸಕ್ಕರೆಯನ್ನು. ರಕ್ತದ ಸಕ್ಕರೆಯು ಸಾಮಾನ್ಯವಾಗಿ ಡೆಸಿಲೀಟರ್‌ಗೆ 180 ಮಿಲಿಗ್ರಾಂ ಮೀರಿದಾಗ ಮಾತ್ರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡು ಅತಿಮೂತ್ರ ಆರಂಭವಾಗುತ್ತದೆ. ಹಾಗಾಗಿ ರಾತ್ರಿ ಏಳುವುದು ತಪ್ಪಿತು, ಬಾಯಾರಿಕೆ ನಿಂತಿತು ಎಂದ ಮಾತ್ರಕ್ಕೆ ಸಕ್ಕರೆ ಹತೋಟಿಗೆ ಬಂದಿದೆ ಎಂದು ಭಾವಿಸುವಂತಿಲ್ಲ. ಯಾವುದೇ ತೊಂದರೆ ಕಾಣದ ಈ ಮಟ್ಟದಲ್ಲಿಯೇ ವರ್ಷಗಟ್ಟಲೆ ಉಳಿದರೆ ಕಣ್ಣು, ಮೂತ್ರಪಿಂಡ, ನರ ಮತ್ತು ಹೃದಯಕ್ಕೆ ಹಾನಿಯಾಗುತ್ತದೆ.

7.2 ವೈಜ್ಞಾನಿಕ ಅಧ್ಯಯನಗಳು ತಿಳಿಸುವುದೇನು

ಮಧುಮೇಹ ಉಂಟುಮಾಡಿದ ಇಲಿಗಳ ಮೇಲೆ ನಡೆಸಿದ ಹಲವು ಪ್ರಯೋಗಗಳಲ್ಲಿ ನೇರಳೆ ಬೀಜದ ಸಾರವು ರಕ್ತದ ಸಕ್ಕರೆಯನ್ನು ಇಳಿಸಿದೆ. ಮನುಷ್ಯರಲ್ಲಿ ಬೀಜದ ಪುಡಿಯನ್ನು ಪರೀಕ್ಷಿಸಿದ ಅಧ್ಯಯನಗಳು ಸಣ್ಣ ಪ್ರಮಾಣದವು. ಕೆಲವರಲ್ಲಿ ಸಾಧಾರಣ ಇಳಿಕೆ ಕಂಡಿದೆ. ನೇರಳೆ ಎಲೆಯ ಕಷಾಯದ ಬಗ್ಗೆ ಬ್ರೆಜಿಲ್ ದೇಶದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳ ಒಂದು ಗುಂಪಿಗೆ ಕಷಾಯವನ್ನೂ ಇನ್ನೊಂದು ಗುಂಪಿಗೆ ಗ್ಲೈಬೆನ್‌ಕ್ಲಮೈಡ್ ಎಂಬ ಮಾತ್ರೆಯನ್ನೂ ನೀಡಲಾಯಿತು. ಮಾತ್ರೆ ಪಡೆದವರ ಸಕ್ಕರೆ ಇಳಿಯಿತು. ಕಷಾಯ ಕುಡಿದವರಲ್ಲಿ ಇಳಿಯಲಿಲ್ಲ. ಇಲಿಯಲ್ಲಿ ಕಂಡ ಫಲ ಮನುಷ್ಯರಲ್ಲಿ, ಬೀಜದ ಫಲ ಎಲೆಯಲ್ಲಿ ಕಾಣಲೇಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಸಾರಾಂಶವಾಗಿ ಹೇಳುವುದಾದರೆ, ನೇರಳೆ ಬೀಜವು ವೈದ್ಯರ ಮೇಲ್ವಿಚಾರಣೆಯಲ್ಲಿ ಪಥ್ಯ, ನಡಿಗೆ ಹಾಗೂ ಔಷಧಗಳ ಜೊತೆಗೆ ಬಳಸಬಹುದಾದ ಪೂರಕ ದ್ರವ್ಯವಾಗಿದೆ. ಅದು ಮಾತ್ರೆಗೆ ಬದಲಿಯಲ್ಲ; ಇನ್ಸುಲಿನ್‌ಗೆ ಎಂದಿಗೂ ಬದಲಿಯಲ್ಲ.

7.3 ಔಷಧ ನಿಲ್ಲಿಸಿದರೆ ಆಗುವ ಅಪಾಯ

ಮೊದಲನೇ ಬಗೆಯ ಮಧುಮೇಹದಲ್ಲಿ, ಅಂದರೆ ಹೆಚ್ಚಾಗಿ ಮಕ್ಕಳು ಮತ್ತು ಯುವಜನರಲ್ಲಿ ಕಾಣುವ ಬಗೆಯಲ್ಲಿ, ದೇಹವು ಇನ್ಸುಲಿನ್ ಉತ್ಪಾದಿಸುವುದಿಲ್ಲ. ಇಂತಹ ಮಗುವಿಗೆ ಚುಚ್ಚುಮದ್ದು ನಿಲ್ಲಿಸಿ ಪುಡಿ ಕೊಟ್ಟಲ್ಲಿ ಕೆಲವೇ ದಿನಗಳಲ್ಲಿ ರಕ್ತವು ಆಮ್ಲೀಯವಾಗಿ, ವಾಂತಿ, ಹೊಟ್ಟೆನೋವು, ಏದುಸಿರು ಹಾಗೂ ಪ್ರಜ್ಞಾಹೀನತೆ ಉಂಟಾಗಿ ಸಾವು ಸಂಭವಿಸಬಹುದು. ಎರಡನೇ ಬಗೆಯ ಮಧುಮೇಹದಲ್ಲಿ ಹಾನಿಯು ನಿಧಾನವಾಗಿ ಆಗುತ್ತದೆ: ಪಾದದ ಸ್ಪರ್ಶಜ್ಞಾನ ಕುಂದಿ, ತಿಳಿಯದೆ ಆದ ಗಾಯ ಕೀವುಗೊಂಡು ಬೆರಳು ಅಥವಾ ಕಾಲನ್ನು ತೆಗೆಯಬೇಕಾದ ಸ್ಥಿತಿ ಬರಬಹುದು. ಔಷಧದ ಪ್ರಮಾಣವನ್ನು ತಗ್ಗಿಸುವ ಅಥವಾ ನಿಲ್ಲಿಸುವ ತೀರ್ಮಾನವನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಕೈಗೊಳ್ಳಬೇಕು.

7.4 ಔಷಧದೊಂದಿಗೆ ಪುಡಿ ಸೇವಿಸುವವರಿಗೆ

ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಬೀಜದ ಪುಡಿಯನ್ನೂ ಸೇವಿಸಿದಲ್ಲಿ ಕೆಲವರಲ್ಲಿ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ. ಬೆವರು, ನಡುಕ, ಎದೆಬಡಿತ, ಕಣ್ಣುಮಂಜು ಹಾಗೂ ಗೊಂದಲ ಇದರ ಲಕ್ಷಣಗಳು. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕಡಿಮೆಯಾದಲ್ಲಿ ಕೂಡಲೇ 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಪುಡಿ ಸೇವಿಸುತ್ತಿರುವ ವಿಷಯವನ್ನು ಅಲೋಪಥಿ ವೈದ್ಯರಿಂದ ಮುಚ್ಚಿಡಬಾರದು. ಹಾಗೆಯೇ ಅಲೋಪಥಿ ಮಾತ್ರೆಯ ವಿಷಯವನ್ನು ಆಯುರ್ವೇದ ವೈದ್ಯರಿಂದಲೂ ಮುಚ್ಚಿಡಬಾರದು.

8. ಬಳಕೆಯನ್ನು ತಪ್ಪಿಸಬೇಕಾದವರು

ಅ) ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಹಣ್ಣನ್ನು ಆಹಾರವಾಗಿ ಸೇವಿಸಬಹುದು. ಬೀಜ, ತೊಗಟೆಗಳನ್ನು ವೈದ್ಯರ ಸಲಹೆಯಿಲ್ಲದೆ ಔಷಧವಾಗಿ ಸೇವಿಸಬಾರದು.
ಆ) ದೀರ್ಘಕಾಲದ ಮಲಬದ್ಧತೆ ಮತ್ತು ಹೊಟ್ಟೆಯುಬ್ಬರ ಇರುವವರು.
ಇ) ಶಸ್ತ್ರಚಿಕಿತ್ಸೆಗೆ ದಿನಾಂಕ ಪಡೆದಿರುವವರು. ಇವರು ಪುಡಿಯ ಸೇವನೆಯನ್ನು ಮುಂಚಿತವಾಗಿ ಶಸ್ತ್ರವೈದ್ಯರಿಗೆ ತಿಳಿಸಬೇಕು.
ಈ) ಚಿಕ್ಕ ಮಕ್ಕಳು. ಇಡೀ ಹಣ್ಣನ್ನು ಕೊಟ್ಟಲ್ಲಿ ಬೀಜ ಗಂಟಲಿನಲ್ಲಿ ಸಿಲುಕುವ ಅಪಾಯವಿರುವುದರಿಂದ ಬೀಜ ತೆಗೆದು ಕೊಡಬೇಕು.

9. ಮನೆಯಲ್ಲಿ ಬೀಜದ ಪುಡಿ ತಯಾರಿಸುವ ವಿಧಾನ

ಪೂರ್ಣ ಮಾಗಿದ ಹಣ್ಣಿನ ಬೀಜಗಳನ್ನು ತಿರುಳಿನ ಅಂಶ ಉಳಿಯದಂತೆ ತೊಳೆದು, ಕೆಲವು ದಿನ ನೆರಳಿನಲ್ಲಿ ಒಣಗಿಸಬೇಕು. ಹೊರಸಿಪ್ಪೆಯನ್ನು ತೆಗೆದು ಒಳಗಿನ ಹಸಿರು ಛಾಯೆಯ ತಿರುಳನ್ನು ತುಂಡು ಮಾಡಿ, ಮುರಿದರೆ ಚಟ್ಟನೆ ಸದ್ದಾಗುವಷ್ಟು ಒಣಗಿಸಬೇಕು. ನಂತರ ಕುಟ್ಟಿ ಪುಡಿಮಾಡಿ, ಜರಡಿ ಹಿಡಿದು, ತೇವವಿಲ್ಲದ ಗಾಜಿನ ಸೀಸೆಯಲ್ಲಿ ತುಂಬಿ, ತಯಾರಿಸಿದ ದಿನಾಂಕದ ಚೀಟಿ ಅಂಟಿಸಬೇಕು. ಹಣ್ಣಿನ ಋತುವು ಮಳೆಗಾಲದಲ್ಲಿಯೇ ಬರುವುದರಿಂದ ಬೀಜಕ್ಕೆ ಬೂಷ್ಟು ಹಿಡಿಯುವ ಸಂಭವ ಹೆಚ್ಚು. ಬೂಷ್ಟು ಕಂಡ ಬೀಜವನ್ನು ಆರಿಸಿ ತೆಗೆಯುವುದರ ಬದಲು ಅದರೊಂದಿಗೆ ಒಣಗಿಸಿದ ಎಲ್ಲ ಬೀಜಗಳನ್ನೂ ತ್ಯಜಿಸುವುದು ಕ್ಷೇಮ. ಪುಡಿಯ ಪ್ರಮಾಣ ಹಾಗೂ ಅವಧಿಯನ್ನು ವೈದ್ಯರಿಂದ ತಿಳಿಯಬೇಕು.

10. ಖರೀದಿ ಮತ್ತು ಜಾಹೀರಾತಿನ ವಿಷಯದಲ್ಲಿ ಎಚ್ಚರ

ಮಾರಾಟಕ್ಕಾಗಿ ಆಯುರ್ವೇದ ಔಷಧವನ್ನು ತಯಾರಿಸಲು ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940ರ ಮೇರೆಗೆ ಪರವಾನಗಿ ಅಗತ್ಯವಾಗಿದೆ. ತಮ್ಮ ಸ್ವಂತ ರೋಗಿಗಳಿಗಾಗಿ ಔಷಧ ತಯಾರಿಸಿಕೊಡುವ ವೈದ್ಯರಿಗೆ ಇದರಿಂದ ವಿನಾಯಿತಿ ಇದೆ. ಅಂಗಡಿಯಲ್ಲಿ ಖರೀದಿಸುವಾಗ ಡಬ್ಬಿಯ ಮೇಲೆ ಆಯುರ್ವೇದ ಔಷಧವೆಂಬ ನಮೂದು, ಘಟಕಗಳ ಪಟ್ಟಿ, ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಹಾಗೂ ಬಳಕೆಯ ಅವಧಿ ಇರುವುದನ್ನು ಖಚಿತಪಡಿಸಿಕೊಂಡು ರಸೀದಿ ಪಡೆಯಬೇಕು.

ಮಧುಮೇಹವನ್ನು ವಾಸಿಮಾಡುವುದಾಗಿ ಜಾಹೀರಾತು ನೀಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954 ನಿಷೇಧಿಸುತ್ತದೆ. ಆದುದರಿಂದ ಇಷ್ಟು ದಿನಗಳಲ್ಲಿ ಸಕ್ಕರೆ ಕಾಯಿಲೆ ಮಾಯ ಎಂಬ ಭರವಸೆಯೇ ಎಚ್ಚರಿಕೆಯ ಗಂಟೆಯಾಗಿದೆ. ಗಿಡಮೂಲಿಕೆಯ ಹೆಸರಿನಲ್ಲಿ ಮಾರುವ ಪುಡಿಗಳಲ್ಲಿ ಸಕ್ಕರೆ ಇಳಿಸುವ ಅಲೋಪಥಿ ಔಷಧವನ್ನು ಗುಟ್ಟಾಗಿ ಬೆರೆಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಪತ್ತೆಯಾಗಿವೆ. ಎರಡೇ ದಿನದಲ್ಲಿ ಸಕ್ಕರೆ ದಿಢೀರನೆ ಇಳಿದಲ್ಲಿ ಅದನ್ನು ಪುಡಿಯ ಮಹಿಮೆಯೆಂದು ಭಾವಿಸದೆ ಶಂಕಿಸುವುದು ಸೂಕ್ತ. ಇಂತಹ ಪುಡಿ ಅಥವಾ ಜಾಹೀರಾತಿನ ಬಗ್ಗೆ ಜಾಹೀರಾತಿನ ಪ್ರತಿ, ರಸೀದಿ ಹಾಗೂ ಉಳಿದ ಪುಡಿಯನ್ನು ಮೂಲ ಡಬ್ಬಿಯಲ್ಲಿಯೇ ಇಟ್ಟುಕೊಂಡು, ಜಿಲ್ಲಾ ಆಯುಷ್ ಅಧಿಕಾರಿಗಳ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು.

11. ಮರದ ಸಂರಕ್ಷಣೆ ಮತ್ತು ಸಸಿ ನೆಡುವಿಕೆ

ಕಾಂಡದ ಸುತ್ತಲೂ ತೊಗಟೆ ಕೆತ್ತಿದಲ್ಲಿ ಎಲೆಯಿಂದ ಬೇರಿಗೆ ಆಹಾರ ಸಾಗುವ ಮಾರ್ಗ ಕಡಿದುಹೋಗಿ ಮರ ಒಣಗುತ್ತದೆ. ತೊಗಟೆ ಬೇಕಾದವರು ಸವರಿದ ಅಥವಾ ಗಾಳಿಗೆ ಮುರಿದ ಕೊಂಬೆಯಿಂದ ಮಾತ್ರ ಪಡೆಯಬೇಕು. ಅರಣ್ಯ ಪ್ರದೇಶದಿಂದ ಸಂಗ್ರಹಿಸಲು ಹಾಗೂ ಸ್ವಂತ ಜಮೀನಿನ ಮರವನ್ನು ಕಡಿಯಲು ಅನುಮತಿಯ ಅಗತ್ಯವಿದೆಯೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು.

ನೇರಳೆ ಬೀಜದ ಮೊಳೆಯುವ ಶಕ್ತಿ ಬಹುಬೇಗ ಕುಂದುವುದರಿಂದ ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಬೀಜದಿಂದ ಬೆಳೆದ ಮರ ಫಲ ನೀಡಲು ಸುಮಾರು 8 ರಿಂದ 10 ವರ್ಷ ಬೇಕಾಗುತ್ತದೆ; ಕಸಿ ಸಸಿಯು ಸುಮಾರು 4 ರಿಂದ 5 ವರ್ಷಗಳಲ್ಲಿ ಫಲ ನೀಡಲಾರಂಭಿಸುತ್ತದೆ. ಸಾಲಿನಿಂದ ಸಾಲಿಗೆ ಹಾಗೂ ಗಿಡದಿಂದ ಗಿಡಕ್ಕೆ 8 ರಿಂದ 10 ಮೀಟರ್ ಅಂತರ ಬಿಡುವುದು ಒಳ್ಳೆಯದು. ಬೀಜಕ್ಕಾಗಿಯೇ ಬೆಳೆಯುವವರು ಬೀಜರಹಿತ ಕಸಿ ತಳಿಗಳನ್ನು ಆಯ್ಕೆ ಮಾಡದಂತೆ ಗಮನಿಸಬೇಕು.

12. ಚಿಕಿತ್ಸೆಗಾಗಿ ಬರುವವರು ಜೊತೆಯಲ್ಲಿ ತರಬೇಕಾದವು

ನೇರಳೆ ಅಥವಾ ಇತರ ಗಿಡಮೂಲಿಕೆಯ ಬಳಕೆಯ ಬಗ್ಗೆ ಸಲಹೆ ಪಡೆಯಲು ಸರ್ಕಾರಿ ಆಯುಷ್ ಆಸ್ಪತ್ರೆ ಅಥವಾ ಚಿಕಿತ್ಸಾಲಯಗಳ ಹೊರರೋಗಿ ವಿಭಾಗಕ್ಕೆ ಭೇಟಿ ನೀಡಬಹುದು. ಭೇಟಿಯ ಸಮಯದಲ್ಲಿ ಕೆಳಕಂಡವುಗಳನ್ನು ತಂದಲ್ಲಿ ಸಲಹೆ ನೀಡಲು ಅನುಕೂಲವಾಗುತ್ತದೆ:

1) ಇತ್ತೀಚಿನ ರಕ್ತಪರೀಕ್ಷೆಯ ವರದಿಗಳು. ಉಪವಾಸದ ಸಕ್ಕರೆ, ಊಟದ ನಂತರದ ಸಕ್ಕರೆ ಹಾಗೂ ಎಚ್‌ಬಿಎ1ಸಿ ವರದಿ ಇದ್ದಲ್ಲಿ ಉತ್ತಮ.
2) ಸೇವಿಸುತ್ತಿರುವ ಎಲ್ಲ ಪದ್ಧತಿಯ ಔಷಧಗಳ ಚೀಟಿ ಅಥವಾ ಖಾಲಿ ಪಟ್ಟಿಗಳು.
3) ಮನೆಯಲ್ಲಿ ಅಥವಾ ಹೊರಗಿನಿಂದ ತಂದು ಸೇವಿಸುತ್ತಿರುವ ಪುಡಿ ಮತ್ತು ಅದರ ಡಬ್ಬಿ.
4) ಮೂತ್ರಪಿಂಡ, ಹೃದಯ ಅಥವಾ ಕಣ್ಣಿನ ಚಿಕಿತ್ಸೆ ಪಡೆದಿದ್ದಲ್ಲಿ ಅದರ ದಾಖಲೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಧುಮೇಹಿಗಳು ನೇರಳೆ ಹಣ್ಣು ತಿನ್ನಬಹುದೇ?
ಉತ್ತರ: ತಿನ್ನಬಹುದು. ಒಂದು ಬಾರಿಗೆ ಒಂದು ಸಣ್ಣ ಬಟ್ಟಲಿನಷ್ಟು, ಬೇರೆ ಹಣ್ಣಿನ ಬದಲಾಗಿ ಸೇವಿಸುವುದು ಸೂಕ್ತ. ಉಪ್ಪನ್ನು ಮಿತಗೊಳಿಸಬೇಕು, ರಕ್ತದೊತ್ತಡವಿರುವವರು ಉಪ್ಪಿಲ್ಲದೆ ತಿನ್ನುವುದು ಒಳ್ಳೆಯದು.

ಪ್ರಶ್ನೆ: ಪುಡಿ ಸೇವಿಸಲಾರಂಭಿಸಿದ ಮೇಲೆ ಸಕ್ಕರೆ ಇಳಿದಿದೆ. ಮಾತ್ರೆ ಬಿಡಬಹುದೇ?
ಉತ್ತರ: ಸ್ವತಃ ಬಿಡಬಾರದು. ಪಥ್ಯ, ನಡಿಗೆ, ಮಾತ್ರೆ ಮತ್ತು ಪುಡಿ ಇವುಗಳಲ್ಲಿ ಯಾವುದರಿಂದ ಎಷ್ಟು ಇಳಿಯಿತೆಂಬುದು ಒಂದು ಪರೀಕ್ಷೆಯಿಂದ ತಿಳಿಯುವುದಿಲ್ಲ. ಕಳೆದ 2 ರಿಂದ 3 ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ವರದಿಯೊಂದಿಗೆ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಮಧುಮೇಹ ಬಾರದಂತೆ ಪುಡಿ ಸೇವಿಸಬಹುದೇ?
ಉತ್ತರ: ತಡೆಗಟ್ಟುವಿಕೆಯಲ್ಲಿ ಫಲ ನೀಡುವುದೆಂದು ಸಿದ್ಧವಾಗಿರುವುದು ತೂಕದ ಹತೋಟಿ, ದಿನನಿತ್ಯದ ನಡಿಗೆ ಮತ್ತು ಹಿತಮಿತ ಆಹಾರ. 30 ವರ್ಷ ಮೀರಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸಿಕೊಳ್ಳಬೇಕು. ಉಪವಾಸದ ಸಕ್ಕರೆ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಮರುಪರೀಕ್ಷೆಯಲ್ಲಿಯೂ ದೃಢಪಟ್ಟಲ್ಲಿ ಮಧುಮೇಹವೆಂದು ಪರಿಗಣಿಸಲಾಗುತ್ತದೆ.

ಪ್ರಶ್ನೆ: ಬೀಜದ ಪುಡಿಗೆ ಮೆಂತ್ಯ, ಹಾಗಲ ಮುಂತಾದವುಗಳನ್ನು ಸೇರಿಸಿ ಸೇವಿಸಬಹುದೇ?
ಉತ್ತರ: ಇವೂ ಸಕ್ಕರೆಯನ್ನು ಇಳಿಸಬಹುದಾದ ದ್ರವ್ಯಗಳಾಗಿವೆ. ಮಾತ್ರೆಯೊಂದಿಗೆ ಒಟ್ಟಾಗಿ ಸೇವಿಸಿದಲ್ಲಿ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿರುವುದರಿಂದ ವೈದ್ಯರ ಸಲಹೆ ಅಗತ್ಯ.

14. ಸಾರ್ವಜನಿಕರಲ್ಲಿ ಮನವಿ

ನೇರಳೆಯು ನೆರಳು, ಹಣ್ಣು ಮತ್ತು ಔಷಧ ಮೂರನ್ನೂ ಕೊಡುವ ಮರ. ಬಾಯಿ ಮುಕ್ಕಳಿಸಲು, ಸಾಧಾರಣ ಭೇದಿಯಲ್ಲಿ ಓ.ಆರ್.ಎಸ್. ಜೊತೆಗೆ ನೆರವಾಗಲು ಹಾಗೂ ಋತುವಿನ ಆಹಾರವಾಗಿ ಅದರ ಉಪಯೋಗವನ್ನು ಹಿರಿಯರು ಅನುಭವದಿಂದ ಕಂಡುಕೊಂಡಿದ್ದಾರೆ. ಆ ಅನುಭವವನ್ನು ಗೌರವಿಸುವುದೆಂದರೆ ಅದರ ಮಿತಿಯನ್ನೂ ಗೌರವಿಸುವುದಾಗಿದೆ. ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಿ ಕೇವಲ ಪುಡಿಯನ್ನು ಸೇವಿಸುತ್ತಿರುವುದು ತಿಳಿದುಬಂದಲ್ಲಿ, ಅವರನ್ನು ವಿಳಂಬವಿಲ್ಲದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆತಂದು ರಕ್ತಪರೀಕ್ಷೆ ಮಾಡಿಸುವಂತೆ ಕೋರಲಾಗಿದೆ.

ಈ ಪುಟದಲ್ಲಿನ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ ಇದ್ದು, ನೋಂದಾಯಿತ ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ.